ಕತ್ತರಿಸಿಟ್ಟ ಕರುಳಿಗೆ ಯಾವ ಭ್ರಮೆ?

ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ನಾನು ಬೈಸಿಕೊಂಡೆ. ಹುಣಸೂರು ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಿಗಳ ಗುಣ ಪರೀಕ್ಷೆ ಮಾಡುವ ಲ್ಯಾಬಿಗೆ ನನ್ನನ್ನು ಅಟೆಂಡರ್ ಆಗಿ ಹಾಕಿದ್ದರು. ಅಲ್ಲಿನ ಮುಖ್ಯಸ್ಥರು ನಟೇಶ್ ಸರ್. ಮಾಂಸದಂಗಡಿಯಿಂದ ತರಿಸಿದ್ದ ಮೇಕೆ ಕರುಳಿನ ಪೊಟ್ಟಣವನ್ನು ನನ್ನ ಕೈಗಿಟ್ಟು, "ಸಾಕಮ್ಮ, ಇದನ್ನು ಕ್ಲೀನ್ ಮಾಡಿಡು" ಎಂದು ಹೇಳಿ ಪಾಠಕ್ಕೆ ಹೋದರು.

ಕಟ್ಟೆಮಳಲವಾಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಕರುಳು ತೊಳೆಯುವುದನ್ನು ಯಾರು ಹೇಳಿಕೊಡಬೇಕು? ಕ್ಯಾಂಟೀನಿನಿಂದ ಉಪ್ಪು, ಅರಿಶಿನ ಇಸಿದುಕೊಂಡು ಬಂದೆ. ನೀರು ಕುದಿಸಿದೆ. ಕರುಳನ್ನು ಕಡ್ಡಿಯಿಂದ ಒಳಮಗ್ಗುಲು ಹೊರಗೆ ಮಾಡಿ, ಲೋಳೆಯನ್ನೆಲ್ಲ ಹೆರೆದು, ಮೂರು ಬಿಸಿನೀರು ಹಾಕಿ ತಿಕ್ಕಿ, ಬೋಟಿ ಸಾರಿಗೆ ಇಡುವ ಹಾಗೆ ಬೆಳ್ಳಗೆ ಮಾಡಿ ತಟ್ಟೆಯಲ್ಲಿ ಜೋಡಿಸಿದೆ. ಸರ್ ವಿದ್ಯಾರ್ಥಿಗಳ ಹಿಂಡನ್ನು ಕರೆದುಕೊಂಡು ಒಳಗೆ ಬಂದವರು ತಟ್ಟೆ ನೋಡಿ ನಿಂತಲ್ಲೇ ನಿಂತರು.

"ಏನಮ್ಮ ಮಾಡಿದೀಯ ಇದನ್ನ? ಸಾಯಿಸಿಬಿಟ್ಟೆಯಲ್ಲ!"

"ಮೇಕೆ ಆಗ್ಲೇ ಸತ್ತೋಗಿತ್ತಲ್ಲ ಸಾ" ಎಂದೆ.

"ಮೇಕೆ ಸತ್ತಿತ್ತು. ಕರುಳು ಬದುಕಿತ್ತು!"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಸಾಲಿನಿಂದ ಒಬ್ಬ, "ಸಾರ್, ಅನ್ನ ಯಾವಾಗ ಬತ್ತದೆ?" ಎಂದ. ಆ ದಿನದ ನಾಚಿಕೆ ಇಂದಿಗೂ ಕಿವಿಯಲ್ಲಿ ಬಿಸಿಯಾಗಿದೆ. ಕೋಪವೂ ಹಾಗೇ ಇದೆ. ಕ್ಲೀನ್ ಮಾಡು ಎಂದರು, ಹೇಗೆ ಎಂದು ಹೇಳಲಿಲ್ಲ. ಹೇಳಲು ಎಷ್ಟು ಹೊತ್ತು ಬೇಕಿತ್ತು?

ನಾನು ನಿವೃತ್ತಿಯಾದ ಮೇಲೆ ಅದೇ ಲ್ಯಾಬಿಗೆ ಭಾಗ್ಯ ಎಂಬ ಹುಡುಗಿ ಅಟೆಂಡರ್ ಆಗಿ ಸೇರಿದ್ದಾಳೆ. ಮನೆಗೆ ಬಂದು, "ಅಕ್ಕ, ನಿಮ್ಮ ಕಾಲದ ಕೆಲಸ ಹೇಗಿತ್ತು ಬರೆದುಕೊಡಿ" ಎಂದಳು. ನಾಲ್ಕನೇ ಕ್ಲಾಸು ಓದಿದವಳು ಏನು ಬರೆದೇನು? ಆದರೂ ಬರೆಯುತ್ತಿದ್ದೇನೆ. ನನ್ನ ಮಗಳು ಸವಿತ ಬಾಣಂತಿಯಾಗಿದ್ದಾಗ ಅವಳ ಹೊಟ್ಟೆಯಲ್ಲಿ ಏಳುತ್ತಿದ್ದ ಸಂಕಟಕ್ಕೆ ನಾಲ್ಕು ಜನ ನಾಲ್ಕು ಹೆಸರಿಟ್ಟು, ಅವಳನ್ನು ನಾವು ಕಳೆದುಕೊಳ್ಳುವುದರಲ್ಲಿದ್ದೆವು. ನಾನು ಲ್ಯಾಬಿನಲ್ಲಿ ಕಂಡಿದ್ದು ಅಲ್ಲಿ ಉಪಯೋಗಕ್ಕೆ ಬಂತು, ಅದೂ ತಡವಾಗಿ. ಇವತ್ತು ಅವಳ ಮಗಳು, ಹನ್ನೊಂದು ತಿಂಗಳ ನನ್ನ ಮೊಮ್ಮಗಳು, ನನ್ನ ತೊಡೆಯ ಮೇಲೆ ಕೂತು ಪೆನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ಎರಡು ಹಲ್ಲು ಬಂದಿವೆ, ನೋಡಲು ಎರಡು ಕಣ್ಣು ಸಾಲದು. ಇಷ್ಟು ಸಂತೋಷದಲ್ಲಿ ಕೂತು ಕೋಪದ ಮಾತು ಬರೆಯುವುದು ಕಷ್ಟ. ಬರೆಯದಿದ್ದರೆ ಕೋಪ ಇಳಿಯುವುದೂ ಇಲ್ಲ.

ಕೆಲಸ ಹೀಗಿತ್ತು. ಬೆಳಿಗ್ಗೆ ಮಾಂಸದಂಗಡಿಗೆ ಹೋಗಿ, ಆಗ ತಾನೇ ಕುಯ್ದ ಮೇಕೆಯ ಸಣ್ಣಕರುಳನ್ನು ಒಂದು ಗೇಣು ಕೇಳಿ ಇಸಿದುಕೊಳ್ಳುವುದು. ಸರ್ ಅಳತೆ ಹಾಕಿ ಮಾಡಿಕೊಟ್ಟ ಉಪ್ಪುನೀರು ತಣ್ಣಗೆ ಫ್ಲಾಸ್ಕಿನಲ್ಲಿರುತ್ತಿತ್ತು. ಕರುಳನ್ನು ಅದರೊಳಗೆ ಬಿಟ್ಟು ಬಸ್ಸು ಹತ್ತುವುದು. ಒಬ್ಬ ಕಂಡಕ್ಟರ್ ದಿನವೂ ಕೆಣಕುತ್ತಿದ್ದ. "ಏನ್ ಸಾಕಮ್ಮಾರೆ, ಒಬ್ರೇ ಕಾಪಿ ಕುಡೀತೀರಾ? ನಮ್ಗೂ ಒಂದ್ ಲೋಟ ಬಗ್ಸಿ." ಒಂದು ದಿನ ಮುಚ್ಚಳ ತೆಗೆದು ತೋರಿಸಿದೆ. ಆಮೇಲೆ ನನ್ನ ಪಕ್ಕದ ಸೀಟಿಗೆ ಯಾರನ್ನೂ ಕೂರಿಸಲಿಲ್ಲ. ಹುಣಸೂರಿನಿಂದ ಕಾಲೇಜಿನವರೆಗೂ ಆರಾಮವಾಗಿ ಕಾಲು ನೀಡಿಕೊಂಡು ಬಂದೆ.

ಲ್ಯಾಬಿನಲ್ಲಿ ಕರುಳನ್ನು ಎರಡು ಬೆರಳಗಲದ ತುಂಡು ಮಾಡುವುದು. ಎರಡೂ ತುದಿಗೆ ದಾರ. ಒಂದು ತುದಿ ಗಾಜಿನ ಕೊಳವೆಯ ತಳಕ್ಕೆ, ಇನ್ನೊಂದು ತುದಿ ಮೇಲಿನ ಕಡ್ಡಿಗೆ. ಕೊಳವೆಯಲ್ಲಿ ಮೈ ಬಿಸಿಯಷ್ಟು ಬೆಚ್ಚಗಿನ ಉಪ್ಪುನೀರು, ತಳದಿಂದ ಗಾಳಿಯ ಗುಳ್ಳೆ. ಕಡ್ಡಿಯ ಮೂತಿ ತಿರುಗುವ ಡ್ರಮ್ಮಿನ ಮೇಲೆ ಗೀಚುತ್ತದೆ. ಡ್ರಮ್ಮಿಗೆ ಸುತ್ತಿದ ಕಾಗದಕ್ಕೆ ಮಸಿ ಹಿಡಿಸುವುದು ನನ್ನ ಕೆಲಸ. ಹೊಗೆಯುವ ದೀಪದ ಮೇಲೆ ಡ್ರಮ್ಮನ್ನು ತಿರುಗಿಸಿ ತಿರುಗಿಸಿ ಒಂದೇ ಸಮ ಕಪ್ಪು ಮಾಡಬೇಕು. ಮನೆಗೆ ಹೋದರೆ ಮೂಗಿನೊಳಗೂ ಮಸಿ. ನನ್ನ ಯಜಮಾನರು, "ಓದ್ಸೋ ಇಸ್ಕೂಲಿಗೆ ಓಯ್ತಿಯೋ, ಇಟ್ಟಿಗೆ ಗೂಡಿಗೆ ಓಯ್ತಿಯೋ?" ಎನ್ನುತ್ತಿದ್ದರು.

ಎಲ್ಲ ಸಜ್ಜಾದ ಮೇಲೆ ಸರ್ ಒಂದು ಕಂದು ಬಣ್ಣದ ಸೀಸೆ ತರುತ್ತಿದ್ದರು. ಬೆಳಕು ಬೀಳಬಾರದೆಂದು ಅದಕ್ಕೆ ಬೆಳ್ಳಿ ಕಾಗದ ಸುತ್ತಿರುತ್ತಿತ್ತು. ಅದರ ಹೆಸರು ಸೆರೊಟೋನಿನ್. ಒಂದು ತೊಟ್ಟು ನೀರಿಗೆ ಬಿಟ್ಟರೆ ಸಾಕು, ಸುಮ್ಮನೆ ತೂಗುತ್ತಿದ್ದ ಕರುಳು ಗಟ್ಟಿಯಾಗಿ ಮುದುಡಿಕೊಳ್ಳುತ್ತಿತ್ತು. ಕಡ್ಡಿ ಮೇಲೆದ್ದು ಮಸಿಯಲ್ಲಿ ಬೆಳ್ಳಗೆ ಬೆಟ್ಟ ಬರೆಯುತ್ತಿತ್ತು. ನೀರು ಬದಲಿಸಿದರೆ ಮತ್ತೆ ಇಳಿದು ತಣ್ಣಗಾಗುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಬೀಕರ್ ಜಾರಿ ಒಡೆದುಹೋಯಿತು. ತಲೆ ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿದೆ, ಕರುಳು ಇಲ್ಲಿ ಕುಣಿಯುತ್ತಿದೆ!

ಇದು ಹೇಗೆ ಎಂದು ಕೇಳಲು ನನಗೆ ಏಳು ವರ್ಷ ಹಿಡಿಯಿತು. ಬೀಕರ್ ತೊಳೆಯುವವಳು ಪ್ರಶ್ನೆ ಕೇಳಬಹುದು ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ತೋಚಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಎಲ್ಲರೂ ಸುಮ್ಮನೆ ಕೂತಿದ್ದಾಗ ಕೇಳಿಯೇಬಿಟ್ಟೆ.

"ಸಾ, ತಲೇನೇ ಇಲ್ವಲ್ಲ, ಇದ್ಕೆ ಏಳು ಅಂತ ಹೇಳೋರು ಯಾರು?"

ಸರ್ ನನ್ನ ಮುಖವನ್ನೇ ನೋಡಿದರು. "ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಇದನ್ನ ಕೇಳಲಿಲ್ಲ ಕಣಮ್ಮ" ಎಂದು ಸ್ಟೂಲ್ ಎಳೆದುಕೊಂಡು ಕೂತರು. ಅವರು ಹೇಳಿದ್ದು ನನಗೆ ತಿಳಿದ ಹಾಗೆ ಇಷ್ಟು. ಕರುಳಿನ ಗೋಡೆಯೊಳಗೆ ಅದರದೇ ನರಗಳ ಬಲೆ ಇದೆ. ತಿಂದ ಅನ್ನ ಒಳಗೆ ಒತ್ತಿದಾಗ ಕರುಳಿನ ಒಳಪದರದ ಕೆಲವು ಜೀವಕಣಗಳು ಸೆರೊಟೋನಿನ್ ಸುರಿಸುತ್ತವೆ. ಪಕ್ಕದಲ್ಲಿರುವ ನರದ ತುದಿ ಅದನ್ನು ಹಿಡಿದುಕೊಂಡು ಮುಂದಿನ ನರಕ್ಕೆ ದಾಟಿಸುತ್ತದೆ, ಆ ನರ ಸ್ನಾಯುವಿಗೆ ಹೇಳುತ್ತದೆ. ಹಿಂದೆ ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ, ಅನ್ನ ಸಾಗುತ್ತದೆ. ಹೆಚ್ಚಾಗಿ ಸುರಿದರೆ ಭೇದಿ, ನುಲಿತ. ವಾಂತಿಯ ಸುದ್ದಿಯನ್ನು ತಲೆಗೆ ಮುಟ್ಟಿಸುವುದೂ ಇದೇ ನರಗಳು. ಮೈಯಲ್ಲಿರುವ ಸೆರೊಟೋನಿನ್ನಿನಲ್ಲಿ ಬಹುಪಾಲು ಇರುವುದೇ ಹೊಟ್ಟೆಯಲ್ಲಂತೆ. ಜನ ಅದನ್ನು ಮನಸ್ಸಿನ ವಸ್ತು ಎಂದು ಮಾತ್ರ ಕೇಳಿರುತ್ತಾರೆ.

ಇನ್ನೊಂದು ವಿಷಯ ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ತೊಟ್ಟಿನ ಮೇಲೆ ತೊಟ್ಟು ಬಿಡುತ್ತಲೇ ಇದ್ದರೆ ಕರುಳು ಮೊದಲು ಜೋರಾಗಿ ಎಗರುತ್ತದೆ, ಆಮೇಲೆ ಅರ್ಧ, ಆಮೇಲೆ ಅಲುಗುವುದೇ ಇಲ್ಲ. ಅದಕ್ಕೇ ಪ್ರತಿ ತೊಟ್ಟಿನ ನಡುವೆ ನೀರು ಬದಲಿಸಿ, ಗಡಿಯಾರ ನೋಡಿಕೊಂಡು ಸುಮ್ಮನೆ ಬಿಡಬೇಕು. ಭಾಗ್ಯ, ಎಂದಾದರೂ ನಿಜವಾದ ಕರುಳು ನಿನ್ನ ಕೈಗೆ ಬಂದರೆ ಇದನ್ನು ಮರೆಯಬೇಡ. ಹುಡುಗರಿಗೆ ತಾಳ್ಮೆ ಇರುವುದಿಲ್ಲ. ಸುರಿದು ಸುರಿದು, "ಆಯಾ, ನಿನ್ನ ಕರುಳು ಸತ್ತೋಗಿದೆ" ಎನ್ನುತ್ತಾರೆ. ಕರುಳು ಸತ್ತಿರುವುದಿಲ್ಲ, ರೂಢಿಯಾಗಿರುತ್ತದೆ. ಬಿಟ್ಟುನೋಡು, ಮತ್ತೆ ಏಳುತ್ತದೆ.

ಪರೀಕ್ಷೆ ದಿನಗಳಲ್ಲಿ ನನಗೆ ಮೈ ಉರಿಯುತ್ತಿತ್ತು. ಒಂದು ವರ್ಷ ಗುಳ್ಳೆ ಬಿಡುವ ಪಂಪು ಕೆಟ್ಟುಹೋಗಿ ಒಂದು ಕರುಳೂ ಏಳಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಊಟಕ್ಕೆ ತಡವಾಗುತ್ತದೆಂದು, "ಹಳೇ ಗ್ರಾಫ್ ನೋಡಿ ಬರ್ಕೊಳ್ಳಿ" ಎಂದುಬಿಟ್ಟರು. ಹುಡುಗರು ಮಸಿ ಕಾಗದದ ಮೇಲೆ ಗುಂಡುಸೂಜಿಯಿಂದ ಬೆಟ್ಟ ಗೀಚಿದರು. ಎಲ್ಲರೂ ಪಾಸು. ಒಬ್ಬಳು ಮಾತ್ರ ಏನೂ ಗೀಚದೆ, "ಏಳಲಿಲ್ಲ" ಎಂದು ಬರೆದುಕೊಟ್ಟಳು. ಅವಳು ಫೇಲು. ಆ ಹುಡುಗಿಗೆ ಪರೀಕ್ಷೆ ಬಂದರೆ ಹೊಟ್ಟೆ ಕೆಡುತ್ತಿತ್ತು, ಅವತ್ತೂ ನಾಲ್ಕು ಸಲ ಹೊರಗೆ ಓಡಿದ್ದಳು. "ನಾಟಕ" ಎಂದರು ಪರೀಕ್ಷಕರು, ಕರುಳಿನ ನರದ ಪಾಠಕ್ಕೇ ಅಂಕ ಹಾಕಲು ಬಂದವರು! ಮಸಿಯ ಡ್ರಮ್ಮನ್ನು ಅವರ ಬಿಳಿ ಶರ್ಟಿಗೆ ಒರೆಸಬೇಕು ಅನ್ನಿಸಿತು. ಒರೆಸಲಿಲ್ಲ, ಅದೇ ಈಗಲೂ ಸಂಕಟ.

ಆಮೇಲೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ಚಿತ್ರದ ಕರುಳು, ಗುಂಡಿ ಒತ್ತಿದರೆ ಮುದುಡುತ್ತದೆ. ಮಸಿ ಇಲ್ಲ, ವಾಸನೆ ಇಲ್ಲ, ಪ್ರಾಣಿಗೆ ತೊಂದರೆ ಇಲ್ಲ, ಒಳ್ಳೆಯದೇ. ಆದರೆ ಆ ಕರುಳು ಯಾವತ್ತೂ ಕೈಕೊಡುವುದಿಲ್ಲ. ನಿವೃತ್ತಿಯ ವರ್ಷ ನಾನು ಪರದೆಗಳ ಧೂಳು ಒರೆಸಿಕೊಂಡಿದ್ದೆ.

ಈಗ ಸವಿತಳ ವಿಷಯ.

ಅವಳನ್ನು ಕೊಟ್ಟಿರುವುದು ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿಗೆ, ಕೇರಳದ ಗಡಿ ಅಲ್ಲಿಗೆ ಹತ್ತಿರ. ಅಳಿಯ ಮಹದೇವ ಗೂಡ್ಸ್ ಆಟೋ ಓಡಿಸುತ್ತಾನೆ. ಬೀಗಿತ್ತಿ ಚಿಕ್ಕತಾಯಮ್ಮ. ಬಾಣಂತನ ನನ್ನ ಮನೆಯಲ್ಲಿ ಮುಗಿಸಿಕೊಂಡು ಮೂರನೇ ತಿಂಗಳಿಗೆ ಸವಿತ ಗಂಡನ ಮನೆಗೆ ಹೋದಳು. ಹೋದ ಮೇಲೆ ಮಂಕಾದಳು. ಮಗು ಅತ್ತರೆ ಗೋಡೆ ಕಡೆ ತಿರುಗುತ್ತಿದ್ದಳು. "ಈ ಮೊಗ ನಂಗೆ ಬ್ಯಾಡ, ನಾನೂ ಯಾರಿಗೂ ಬ್ಯಾಡ" ಎಂದಳಂತೆ. ಮಹದೇವ ಹೆದರಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಅಲ್ಲಿನ ಡಾಕ್ಟರು, "ಎಲ್ಲ ಭ್ರಮೆ, ಗ್ಯಾಸು" ಎಂದು ಕಳಿಸಿದರು. ಮತ್ತೊಂದು ಆಸ್ಪತ್ರೆಯ ಲೇಡಿ ಡಾಕ್ಟರು ಮಾತ್ರ ಕೂರಿಸಿಕೊಂಡು ಕೇಳಿ, ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು, ವಾಸಿಯಾಗುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಮಗುವಿಗೆ ಹಾಲು ಕೊಡಬಹುದು ಎಂದೂ ಹೇಳಿದರು.

ಮೂರನೇ ದಿನಕ್ಕೆ ಸವಿತಳಿಗೆ ವಾಕರಿಕೆ, ಭೇದಿ, ಹೊಟ್ಟೆ ಹಿಂಡಿದಂತೆ ನೋವು. ಫೋನಿನಲ್ಲಿ ಅಳುತ್ತಾ ಹೇಳಿದಳು.

ಆಗ ನಾನು ಏನಂದೆ ಗೊತ್ತೇ? "ಬುಡವ್ವ, ಅತ್ಲಾಗೆ ಆ ಮಾತ್ರೆ ಎಸ್ದುಬುಡು" ಎಂದೆ. ಜೀವಮಾನವೆಲ್ಲ ಕರುಳು ಕುಣಿಯುವುದನ್ನು ಕಂಡವಳು, ಮಗಳ ಅಳು ಕೇಳಿದ ತಕ್ಷಣ ಎಲ್ಲ ಮರೆತೆ. ಅದು ಯಾವ ಮಾತ್ರೆ ಎಂದೂ ಕೇಳಲಿಲ್ಲ. ನನ್ನ ಮೇಲೆ ನನಗಿರುವ ಕೋಪದ ಮುಂದೆ ಆ ಪರೀಕ್ಷಕರ ಮೇಲಿನದು ಏನೂ ಅಲ್ಲ.

ಮಾತ್ರೆ ಬಿಟ್ಟು ಒಂದು ವಾರಕ್ಕೆ ಸವಿತ ಊಟವನ್ನೂ ಬಿಟ್ಟಳು. ಮಹದೇವನ ಫೋನ್ ಬಂತು. "ಅತ್ತೆ, ನೀವು ಬನ್ನಿ. ಅವ್ವ ಕೈಮದ್ದು ಕೀಳೋನ ಕರ್ಸವ್ಳೆ. ನಂಗೆ ಕೈಕಾಲೇ ಆಡ್ತಾ ಇಲ್ಲ."

ಕೈಮದ್ದು ಎಂದರೆ ಆಗದವರು ಊಟದಲ್ಲಿ ಕಲಸಿ ತಿನ್ನಿಸುವ ಕೆಟ್ಟ ವಸ್ತು. ಅದು ಹೊಟ್ಟೆಯ ಗೋಡೆಗೆ ಅಂಟಿಕೊಂಡು ಮನುಷ್ಯರನ್ನು ಸೊರಗಿಸುತ್ತದೆ ಎಂದು ನಮ್ಮ ಕಡೆ ನಂಬಿಕೆ. ಯಾವುದೋ ಬೇರಿನ ರಸ ಕುಡಿಸಿ, ವಾಂತಿ ಮಾಡಿಸಿ, ಅದನ್ನು ಕೀಳುತ್ತಾರೆ. ಆಗಲೇ ನೀರು ಕೂಡ ನಿಲ್ಲದ, ಹಾಲೂಡಿಸುವ ತಾಯಿಗೆ ವಾಂತಿ ಮಾಡಿಸಿದರೆ ಉಳಿಯುತ್ತಾಳೆಯೇ? ಮೊದಲ ಬಸ್ಸಿಗೆ ಹೊರಟೆ. ಹೊರಡುವ ಮೊದಲು ಮಾತ್ರೆಯ ಚೀಟಿಯ ಫೋಟೋ ಕಳಿಸು ಎಂದು ಮಹದೇವನಿಗೆ ಹೇಳಿದೆ. ಅದನ್ನು ಭಾಗ್ಯಳಿಗೆ ಕಳಿಸಿ, ಲ್ಯಾಬಿನಲ್ಲಿ ಯಾರನ್ನಾದರೂ ಕೇಳು ಎಂದೆ. ಬಸ್ಸು ಕೋಟೆ ತಲುಪುವಷ್ಟರಲ್ಲಿ ಉತ್ತರ ಬಂತು: "ಅಕ್ಕ, ಇದು ಸೆರೊಟೋನಿನ್ ಜಾಸ್ತಿ ಹೊತ್ತು ಉಳಿಯೋ ಹಾಗೆ ಮಾಡೋ ಮಾತ್ರೆಯಂತೆ."

ಬಸ್ಸಿನಲ್ಲೇ ತಲೆ ಚಚ್ಚಿಕೊಂಡೆ. ಪಕ್ಕದ ಹೆಂಗಸು, "ಯಾರಾರ ತೀರ್ಕಂಡ್ರಾ ಅಕ್ಕ?" ಎಂದು ಕೇಳಿದಳು.

ಎನ್. ಬೇಗೂರಿನ ಮನೆಯ ಜಗಲಿಯಲ್ಲಿ ಮದ್ದು ಕೀಳುವವನು ಬೇರು ಅರೆಯುತ್ತಾ ಕೂತಿದ್ದ. ಸವಿತ ಕಂಬಕ್ಕೆ ಒರಗಿದ್ದಳು, ತುಟಿ ಒಣಗಿ ಬಿಳಿಚಿತ್ತು. ಮಗು ಚಿಕ್ಕತಾಯಮ್ಮನ ಸೊಂಟದಲ್ಲಿತ್ತು. ಅಂಗಳದಲ್ಲಿ ಪಕ್ಕದ ಟೀ ಅಂಗಡಿಯ ಅಮ್ಮಿಣಿ ಅಳುತ್ತಾ ನಿಂತಿದ್ದಳು. ಅವಳು ಗಡಿಯಾಚೆಯ ಹೆಂಗಸು, ಹಬ್ಬಕ್ಕೆ ಸವಿತಳಿಗೆ ಪಾಯಸ ಕೊಟ್ಟಿದ್ದಳು. ಅದರಲ್ಲೇ ಮದ್ದಿತ್ತು ಎಂದು ಎಲ್ಲರೂ ತೀರ್ಮಾನ ಮಾಡಿದ್ದರು.

"ಚೇಚಿ, ಅಕ್ಕ, ನಾನು ಒಂದು ಗ್ಲಾಸ್ ಪಾಯಸ ಕೊಟ್ಟದ್ದು, ಅಷ್ಟೇ ಅಲ್ಲೇ? ನನ್ನ ಮಗಳು ಸಹ ಅದನ್ನೇ ಕುಡಿದದ್ದು" ಎಂದು ನನ್ನ ಕೈ ಹಿಡಿದುಕೊಂಡಳು.

ನಾನು ಸೀದಾ ಹೋಗಿ ಬೇರಿನ ರಸದ ಬಟ್ಟಲನ್ನು ಎತ್ತಿ ಬಚ್ಚಲಿಗೆ ಸುರಿದೆ.

"ಏನ್ ಬೀಗ್ತೇರೆ ಇದು!" ಎಂದು ಚಿಕ್ಕತಾಯಮ್ಮ ಕೂಗಿದರು. "ಮೊಗ ಮುಟ್ಟಾಕಿಲ್ಲ ಅಂತಾವ್ಳೆ, ಅನ್ನ ಕಂಡ್ರೆ ಓಕರಿಸ್ತಾವ್ಳೆ. ಮದ್ದಲ್ದೆ ಇನ್ನೇನು?"

"ಮೊಗ ಮುಟ್ಟಾಕಿಲ್ಲ ಅಂದಿದ್ದು ಪಾಯಸಕ್ಕೂ ಮುಂಚೆ. ವಾಕರಿಕೆ ಬಂದಿದ್ದು ಮಾತ್ರೆ ನುಂಗಿದ ಮೂರ್ನೇ ದಿನಕ್ಕೆ. ಎಲ್ಲಾನೂ ಈಯಮ್ಮನ ತಲೇಗೆ ಕಟ್ತೀರಾ?"

ಮದ್ದು ಕೀಳುವವನು ನಕ್ಕ. "ಮಾತ್ರೆ ಕೊಟ್ಟಿರೋದು ತಲೇಗೆ ಕಣಮ್ಮ. ಒಟ್ಟೆ ಯಾಕೆ ಕೆಡ್ತದೆ? ನೀನೇನ್ ಡಾಕ್ಟ್ರಾ?"

"ಡಾಕ್ಟ್ರಲ್ಲ ಕಣಯ್ಯ, ಕರುಳು ತೊಳ್ದೋಳು. ನೀನು ಎಷ್ಟು ಕರುಳು ನೋಡಿದ್ದೀಯ? ಕತ್ತರಿಸಿ ನೀರಲ್ಲಿ ಕಟ್ಟಿದ ಕರುಳು ನಾನು ನೋಡಿದೀನಿ. ಅದ್ಕೆ ತಲೆ ಇರ್ಲಿಲ್ಲ, ಅತ್ತೆ ಇರ್ಲಿಲ್ಲ, ಪಕ್ದಲ್ಲಿ ಟೀ ಅಂಗ್ಡೀನೂ ಇರ್ಲಿಲ್ಲ. ಒಂದು ತೊಟ್ಟು ಬುಟ್ರೆ ಮುದುಡ್ಕೊತಿತ್ತು. ಅದ್ಕೆ ಯಾವ ಭ್ರಮೆ? ಅದ್ಕೆ ಯಾರು ಮದ್ದಿಕ್ಕಿದ್ರು? ಹೇಳು!"

ಅವನು ಉಳಿದ ಬೇರುಗಳನ್ನು ಚೀಲಕ್ಕೆ ತುಂಬತೊಡಗಿದ. ಸವಿತ ತಲೆಯೆತ್ತಿ, "ಅವ್ವ, ಹಂಗಾದ್ರೆ ನಾನು ಸುಳ್ಳು ಹೇಳ್ತಿಲ್ವಾ?" ಎಂದಳು. ಅಷ್ಟು ದಿನದಿಂದ ಅವಳಿಗೇ ಅವಳ ಮೇಲೆ ನಂಬಿಕೆ ಹೋಗಿತ್ತು. "ಇಲ್ಲ ಕಣ್ ಮಗ" ಎಂದು ಅವಳ ಕೈ ಹಿಡಿದು ಮೇಲೆತ್ತಿದೆ.

ಮಹದೇವ ಹೋಗಿ ಆಟೋ ಸ್ಟಾರ್ಟ್ ಮಾಡಿದ. ಹಿಂದೆ ಚಾಪೆ ಹಾಸಿ ಸವಿತಳನ್ನು ಮಲಗಿಸಿದೆವು. ಚಿಕ್ಕತಾಯಮ್ಮ ಗೊಣಗುತ್ತಲೇ ಮಗುವನ್ನು ಎತ್ತಿಕೊಂಡು ಹತ್ತಿದರು. ಆಯಮ್ಮನನ್ನು ಕೆಟ್ಟವಳೆನ್ನಲಾರೆ, ಅಷ್ಟು ದಿನವೂ ರಾಗಿ ಗಂಜಿ ಕಾಸಿ ಸೊಸೆಯ ಬಾಯಿಗೆ ಹಿಡಿದವರು ಅವರೇ.

ಲೇಡಿ ಡಾಕ್ಟರು ಮೊದಲು ಸವಿತಳಿಗೆ ಗ್ಲೂಕೋಸ್ ಹಾಕಿಸಿದರು. ಆಮೇಲೆ ಚೀಟಿ ನೋಡಿ, "ಮಾತ್ರೆ ನಿಲ್ಲಿಸಿ ಅಂತ ಹೇಳಿದ್ಯಾರು?" ಎಂದು ಕೇಳಿದರು.

ಸವಿತ ಕಣ್ಣು ಮುಚ್ಚಿಕೊಂಡಳು, ನನ್ನ ಹೆಸರು ಹೇಳಲಿಲ್ಲ.

"ನಾನೇ ಮೇಡಂ" ಎಂದೆ.

ಚಿಕ್ಕತಾಯಮ್ಮ ಗಕ್ಕನೆ ನನ್ನ ಕಡೆ ತಿರುಗಿದರು. "ನೀವಾ? ಅಷ್ಟೊತ್ತಿಂದ ನಮ್ ಮೇಲೆ ಎಗರಾಡಿದ್ದು ನೀವಾ?"

ಡಾಕ್ಟರು ಬಿಡಿಸಿ ಹೇಳಿದರು. ಈ ಮಾತ್ರೆ ಸೆರೊಟೋನಿನ್ ಬೇಗ ಮರಳಿ ಹೋಗದಂತೆ ತಡೆಯುತ್ತದೆ. ಮನಸ್ಸಿಗೆ ಅದರ ಗುಣ ಕಾಣಲು ವಾರಗಳು ಬೇಕು. ಹೊಟ್ಟೆಯ ನರಗಳಿಗೆ ಮಾತ್ರ ಮೊದಲ ದಿನದಿಂದಲೇ ತಟ್ಟುತ್ತದೆ. ಹಾಗಾಗಿ ಕಷ್ಟ ಮೊದಲು ಬರುತ್ತದೆ, ಸುಖ ಆಮೇಲೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಕೇಳದೆ ನಿಲ್ಲಿಸಬಾರದು. ನಿಲ್ಲಿಸಿದ ಮೇಲೂ ವಾಕರಿಕೆ ಉಳಿದಿದ್ದು ಅನ್ನ ನೀರು ಬಿಟ್ಟು ಮೈ ಒಣಗಿದ್ದಕ್ಕೆ.

"ನಮ್ ಲ್ಯಾಬಲ್ಲೂ ಅಂಗೇ ಮೇಡಂ. ಮೊದ್ಲು ಎಗರ್ತಿತ್ತು, ಆಮೇಲೆ ರೂಢಿ ಆಗ್ತಿತ್ತು" ಎಂದೆ.

"ಪೂರ್ತಿ ಅದೇ ಅಲ್ಲಮ್ಮ, ಆದ್ರೆ ಹತ್ತಿರದ್ದೇ" ಎಂದು ಅವರು ನಕ್ಕರು.

ಆ ನಗುವಿಗೆ ನನ್ನ ಕೋಪ ಮತ್ತೆ ಏರಿತು. "ಈ ಮಾತನ್ನ ಅವತ್ತೇ ಹೇಳಿದ್ರೆ ನನ್ ಮಗಳು ಇಲ್ಲಿಗೆ ಬರ್ತಿದ್ಲಾ ಮೇಡಂ? ಎರಡು ಮಾತು! ಹೊಟ್ಟೆ ಕೆಡ್ತದೆ, ಹೆದರ್ಬ್ಯಾಡಿ ಅಂತ!"

ಅವರು ಬಾಗಿಲಾಚೆಯ ರೋಗಿಗಳ ಸಾಲನ್ನು ಒಮ್ಮೆ ನೋಡಿದರು. "ಹೇಳಬೇಕಿತ್ತು" ಎಂದರು. ಬೇರೆ ಯಾವ ನೆಪವನ್ನೂ ಹೇಳಲಿಲ್ಲ. ಅರ್ಧ ಮಾತ್ರೆಯಿಂದ, ಊಟದ ಮೇಲೆ, ನಿಧಾನವಾಗಿ ಮತ್ತೆ ಶುರು ಮಾಡಿ ಎಂದು ಬರೆದುಕೊಟ್ಟರು. ತಮ್ಮ ಫೋನ್ ನಂಬರನ್ನೂ ಚೀಟಿಯ ಹಿಂದೆ ಬರೆದರು.

ನಾನು ಎನ್. ಬೇಗೂರಿನಲ್ಲೇ ಉಳಿದೆ. ಮೊದಲ ವಾರ ಮತ್ತೆ ವಾಕರಿಕೆ ಬಂತು. ಈ ಸಲ ಅದು ಯಾಕೆಂದು ಅವಳಿಗೆ ಗೊತ್ತಿತ್ತು. "ಕುಣೀತಾ ಅದೆ ಅವ್ವ ನಿನ್ ಕರುಳು" ಎಂದು ಬಟ್ಟಲಿಗೆ ಬಗ್ಗುತ್ತಿದ್ದಳು. ಚಿಕ್ಕತಾಯಮ್ಮ ನನ್ನ ಜೊತೆ ಮಾತು ಬಿಟ್ಟಿದ್ದರು, ಆದರೆ ಗಡಿಯಾರ ನೋಡಿ ಊಟವಾದ ಮೇಲೆ ಅರ್ಧ ಮಾತ್ರೆ ತಂದು ಕೊಡುತ್ತಿದ್ದವರು ಅವರೇ. ಎರಡನೇ ವಾರ ಅಮ್ಮಿಣಿಯ ಅಂಗಡಿಗೆ ಹೋಗಿ ಏನೂ ಹೇಳದೆ ಒಂದು ಟೀ ಕುಡಿದು ಬಂದರು. ಹೊಟ್ಟೆ ತಣ್ಣಗಾಯಿತು. ಮನಸ್ಸು ಮಾತ್ರ ಅಲ್ಲೇ ನಿಂತಿತ್ತು. ಮಗು ಅತ್ತರೆ ಸವಿತ ಈಗಲೂ ಗೋಡೆ ಕಡೆ ತಿರುಗುತ್ತಿದ್ದಳು. ಹಾಲು ಕುಡಿಸುವಾಗಲೂ ಕಣ್ಣು ಬೇರೆ ಕಡೆ. ಮೂರನೇ ವಾರ, ನಾಲ್ಕನೇ ವಾರ. ನಾವಿಬ್ಬರು ಮುದುಕಿಯರು ಅವಳ ಮುಖವನ್ನೇ ಕಾಯುತ್ತಾ ಕೂತೆವು.

ಐದನೇ ವಾರದ ಒಂದು ಬೆಳಿಗ್ಗೆ ನಾನು ಬಾಗಿಲ ಬಿಸಿಲಲ್ಲಿ ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಅದು ಕಿರುಚಿ ಅಳಲು ಶುರು ಮಾಡಿತು. ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಸವಿತ, ಕೈ ಕೂಡ ತೊಳೆಯದೆ ಎದ್ದು ಬಂದಳು.

"ಏನವ್ವ ಅಂಗೆ ತಿಕ್ತೀಯ? ಬೋಟಿ ಅನ್ಕೊಂಡಿದ್ದೀಯಾ ನನ್ ಮೊಗಾನ? ಕೊಡಿಲ್ಲಿ, ನಿಂಗೆ ಎತ್ಕಳಾಕೂ ಬರಾಕಿಲ್ಲ!"

ಕಿತ್ತುಕೊಂಡು ಒಳಗೆ ಹೋದಳು. ಮಗುವಿನ ಬೆನ್ನ ಮೇಲೆ ಅವಳ ಐದು ಬೆರಳೂ ಹಿಟ್ಟಾಗಿ ಮೂಡಿದ್ದವು. ಮೂಲೆಯಲ್ಲಿದ್ದ ಚಿಕ್ಕತಾಯಮ್ಮ ಒಂದು ತಿಂಗಳ ಮೇಲೆ ಬಾಯಿ ಬಿಟ್ಟು, "ಬೈಸ್ಕಂಡ್ರಾ?" ಎಂದರು.

"ಬೈಸ್ಕಂಡೆ ಕಣವ್ವ" ಎಂದೆ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕೂತು ಅತ್ತೆವು.